ಮುಮ್ತಾಜ್ ಮೇಡಂ ಮಾಡಿಕೊಟ್ಟ ಫ್ಲಾಪಿ

ಮುಮ್ತಾಜ್ ಮೇಡಂ ಮುಂದೆ ಯಾರೂ ಏನನ್ನೂ ಅಳಿಸುವ ಹಾಗಿರಲಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ನಾವಿದ್ದ ಬಾಡಿಗೆ ಮನೆಯ ಮಹಡಿಯಲ್ಲಿ ಅವರು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಕಲಿಯುವ ಹುಡುಗಿಯರು ತಪ್ಪು ಟೈಪ್ ಮಾಡಿ ಗಾಬರಿಯಿಂದ ಅಳಿಸಲು ಹೋದರೆ ಅವರ ಬೆರಳು ಹಿಡಿದು ತಡೆಯುತ್ತಿದ್ದರು. ಮೊದಲ ದಿನದ್ದು, ಮೂರನೆಯ ತಿಂಗಳಿನದ್ದು, ಎಲ್ಲವನ್ನೂ ಆಯಾ ಹುಡುಗಿಯ ಹೆಸರಿನ ಫ್ಲಾಪಿಯಲ್ಲಿ ತುಂಬಿಡುತ್ತಿದ್ದರು. ಫ್ಲಾಪಿ ಎಂದರೆ ಅಂಗೈಯಗಲದ ಚೌಕ ಪ್ಲಾಸ್ಟಿಕ್ ಬಿಲ್ಲೆ. ನಿಮ್ಮ ಶಾಲೆಯಲ್ಲಿ ಈಗ ಮಾಡಿಸುತ್ತಾರಲ್ಲ, ಡಿಜಿಟಲ್ ಪೋರ್ಟ್‌ಫೋಲಿಯೊ, ಅದನ್ನೇ ಅವರು ಆಗ ಅದರಲ್ಲಿ ಮಾಡುತ್ತಿದ್ದರು.

ಮೂವತ್ತರ ಆಸುಪಾಸಿನ, ಸಣಕಲು ಮೈಯ ಹೆಂಗಸು. ದಾರ ಕಟ್ಟಿದ ಕನ್ನಡಕ. ಯಾವುದನ್ನೂ ಒಂದೇ ಪ್ರತಿ ಇಟ್ಟುಕೊಂಡವರಲ್ಲ. ಕ್ಲಾಸಿನ ಬೀಗದ ಕೈ ಎರಡು, ಪೆನ್ನು ಎರಡು. ಮಳೆಗಾಲದಲ್ಲಿ ಕೊಡೆಯೂ ಎರಡು.

ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಮ್ಮ ಆಗ ನಾಲ್ಕನೇ ಕ್ಲಾಸು. ನಾನು ಸಾರಥಿ ಎಂಬ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮನೆಯಲ್ಲೇ ರವಿಕೆ ಹೊಲಿದು ಸಂಸಾರ ತೂಗಿಸುತ್ತಿದ್ದೆ. ಹರಿಹರದ ಒಂದು ಹೊಲಿಗೆ ತರಬೇತಿ ಕೇಂದ್ರಕ್ಕೆ ಕಲಿಸುವವರು ಬೇಕೆಂದು ಸುದ್ದಿ ಬಂತು. ತಿಂಗಳ ಸಂಬಳದ ಕೆಲಸ. ಆದರೆ ಸರ್ಟಿಫಿಕೇಟು ಕೇಳಿದ್ದರು. ಚೂಡಿದಾರದ ಅಳತೆ ಕೊಡಲು ಬಂದಿದ್ದ ಮೇಡಂಗೆ ಇದನ್ನು ಹೇಗೋ ಹೇಳಿಬಿಟ್ಟೆ.

"ಸರ್ಟಿಫಿಕೇಟ್ ಇಲ್ಲದಿದ್ರೆ ಏನಾತು ಗೌರಕ್ಕ, ಕೆಲಸ ಐತಲ್ಲ. ಅದನ್ನೇ ತೋರ್ಸೋಣು," ಅಂದರು.

ತೋರಿಸುವುದು ಏನನ್ನು? ಹೊಲಿದದ್ದೆಲ್ಲ ಗಿರಾಕಿಗಳ ಮೈಮೇಲಿತ್ತು. ಹೊಲಿದು ಕೊಟ್ಟ ಮನೆಗಳಿಗೇ ಹೋಗಿ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ ಎಂದು ಮೇಡಂ ಕಳಿಸಿದರು. ನಾಚಿಕೆಯಿಂದ ಒಂದು ಬಾಗಿಲಿನಿಂದ ಎರಡು ಸಲ ತಿರುಗಿ ಬಂದೆ. ಎದುರುಮನೆಯ ಪಾರ್ವತಮ್ಮ ರೇಷ್ಮೆ ರವಿಕೆ ಕೊಡುತ್ತಾ, "ಹೊಲ್ದು ಕೊಟ್ಟಿದ್ದನ್ನ ವಾಪಸ್ ಕೇಳೋ ಟೈಲರ್‌ನ ಇವತ್ತೇ ನೋಡಿದ್ದು ಕಣವ್ವಾ" ಅಂದರು. ಹದಿನಾಲ್ಕು ಬಟ್ಟೆ ಸೇರಿದವು. ಮೇಡಂ ಒಂದೊಂದನ್ನೇ ಸ್ಕ್ಯಾನರಿನ ಗಾಜಿನ ಮೇಲೆ ಕೂಸನ್ನು ಮಲಗಿಸಿದ ಹಾಗೆ ಮಲಗಿಸಿ ಚಿತ್ರ ತೆಗೆದರು. ಕಾಜ, ಕೊಕ್ಕೆ, ಕುತ್ತಿಗೆಯ ಪೈಪಿಂಗು ಎಲ್ಲ ಪರದೆಯ ಮೇಲೆ ದೊಡ್ಡದಾಗಿ ಕಂಡವು.

ಆಮೇಲೆ ನಮ್ಮ ಮನೆಗೆ ಬಂದವರು ಮೆಶಿನ್ ಮೇಲೆ ಹೊದಿಸಿದ್ದ ಹಳೆಯ ಬಟ್ಟೆಯನ್ನು ಎತ್ತಿ ನೋಡಿದರು. ಅದು ನಾನು ಹೊಲಿದ ಮೊದಲ ರವಿಕೆ. ಬಟ್ಟೆಯ ಒಳಮೈ ಹೊರಮೈ ನೋಡದೆ ಎರಡೂ ತೋಳನ್ನು ಬಲಗೈಗೇ ಕತ್ತರಿಸಿದ್ದೆ. ಎಡಗೈ ತೂರಿಸಿದರೆ ಬೆನ್ನು ಹಿಂಡುತ್ತಿತ್ತು. ಮೇಡಂ ಅದನ್ನೇ ಎಲ್ಲಕ್ಕಿಂತ ಮೊದಲು ಇಡೋಣ ಎಂದರು. ಬ್ಯಾಡ್ರೀ, ಕೆಲಸ ಕೊಡೋರ ಮುಂದೆ ಮಾನ ಹೋಗುತ್ತೆ ಎಂದು ಅತ್ತುಬಿಟ್ಟೆ.

"ಫ್ಲಾಪಿ ನಿಮ್ದು. ತೆಗಿ ಅಂದ್ರೆ ತೆಗಿತೀನಿ," ಅಂದರು. "ಆದ್ರ ಅಲ್ಲಿ ಕಲಿಯಾಕ ಬರೋ ಹುಡುಗೀರು ಮೊದಲು ಇದೇ ತಪ್ಪು ಮಾಡ್ತಾರ. ತಪ್ಪೇ ಮಾಡದೋರು ಅವರಿಗೆ ಹೆಂಗೆ ಹೇಳ್ಕೊಡ್ತಾರ?"

ನಾನು ಕಣ್ಣೊರೆಸಿಕೊಂಡು ರವಿಕೆ ಮಡಚಿ ಅವರ ಕೈಗಿಟ್ಟೆ. ರವಿಕೆ ಫ್ಲಾಪಿಗೆ ಸೇರಿತು.

ಹರಿಹರಕ್ಕೆ ನನ್ನ ಜೊತೆ ಅವರೇ ಬಂದರು. ಆಫೀಸಿನ ಕಂಪ್ಯೂಟರಿಗೆ ಫ್ಲಾಪಿ ಹಾಕಿದರೆ ಅದು ಕರಕರ ಎಂದು ಸುಮ್ಮನಾಯಿತು. ಮೇಡಂ ಬ್ಯಾಗಿನಿಂದ ಇನ್ನೊಂದು ತೆಗೆದರು. ಅದು ತೆರೆದುಕೊಂಡಿತು. ಕೇಂದ್ರದ ಹಿರಿಯ ಹೆಂಗಸು ಮೊದಲ ಚಿತ್ರಕ್ಕೇ ಹುಬ್ಬು ಗಂಟಿಕ್ಕಿ, "ಇದೇನಮ್ಮಾ ಹಿಂಗೈತೆ?" ಎಂದು ಕೇಳಿದರು.

ಮೇಡಂ ಹೇಳುತ್ತಾರೆಂದು ಕಾದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಕೂತರು. ಬೇರೆ ದಾರಿಯಿಲ್ಲದೆ ನಾನೇ ಎದ್ದೆ. ಮೇಜಿನ ಮೇಲಿದ್ದ ಹಳೆಯ ಕ್ಯಾಲೆಂಡರಿನ ಎರಡು ಹಾಳೆ ಕೇಳಿ ಪಡೆದೆ. ಎರಡನ್ನೂ ಅಚ್ಚಾದ ಮುಖ ಮೇಲಿಟ್ಟು ಕತ್ತರಿಸಿದರೆ ಎರಡೂ ಬಲ ತೋಳೇ ಆಗುತ್ತವೆ, ಮುಖಕ್ಕೆ ಮುಖ ಕೂಡಿಸಿ ಕತ್ತರಿಸಿದರೆ ಒಂದು ಎಡ ಒಂದು ಬಲ ಆಗುತ್ತವೆ ಎಂದು ಕತ್ತರಿಸಿ ತೋರಿಸಿದೆ. ನನ್ನ ತಪ್ಪು ಎಲ್ಲಿತ್ತು ಎಂದೂ ಹೇಳಿದೆ. ಪರಸ್ಥಳದಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಉಳಿದ ಚಿತ್ರಗಳನ್ನು ಆ ಹಿರಿಯ ಹೆಂಗಸು ಬೇಗಬೇಗ ನೋಡಿ ಮುಗಿಸಿದರು. "ಸೋಮವಾರದಿಂದ ಬರ್ರಿ," ಅಂದರು.

ಆ ಕೆಲಸದಿಂದಲೇ ನಿಮ್ಮ ಅಮ್ಮನ ಓದು ಮುಗಿಯಿತು.

ವರ್ಷದ ಮೇಲೆ ಮೇಡಂಗೆ ಬಳ್ಳಾರಿಯ ಕಡೆ ಮದುವೆ ಗೊತ್ತಾಯಿತು. ಕ್ಲಾಸು ಮುಚ್ಚಿತು. ಹೋಗುವ ದಿನ ಅವರನ್ನು ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಹೋದೆ. ಎಲ್ಲರ ಫ್ಲಾಪಿಗಳನ್ನೂ ಅವರವರ ಮನೆಗೆ ಮುಟ್ಟಿಸಿ ಬಂದಿದ್ದರು. ನಿಮ್ಮ ಫ್ಲಾಪಿ ಎಲ್ಲಿ ಮೇಡಂ, ನೀವು ಮಾಡಿದ್ದು, ಕಲಿಸಿದ್ದು, ಎಂದು ಕೇಳಿದೆ.

ಅವರು ನಕ್ಕರು. "ನಂದಾ? ನಂದು ಮಾಡ್ಲೇ ಇಲ್ಲ ಗೌರಕ್ಕ. ಯಾರು ಕೇಳ್ತಾರ ಬಿಡ್ರಿ."

ನಾನು ಕೇಳುತ್ತೇನೆ ಎನ್ನಬೇಕಿತ್ತು. ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ಬಸ್ಸು ಹತ್ತಿ, ನಾನು ನಿಂತಲ್ಲಿಗೆ ಕಾಣದ ಆಚೆ ಬದಿಯ ಕಿಟಕಿಗೆ ಕೂತಾಗಿತ್ತು.