ಅಪ್ಪ ದೋಣಿಯ ಮುಂದುಗಡೆ ಕೂತ ದಿನ

ಇವತ್ತು ಗ್ಯಾರೇಜಿನ ಮುಂದೆ ಹಾಯುವಾಗ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಮ್ಮೆಲೇ ನಾನು ದಾಂಡೇಲಿಯ ಕಾಳಿ ಹೊಳೆಯ ಮೇಲಿದ್ದೆ, ಎಂಟು ವರ್ಷದ ಹುಡುಗಿಯಾಗಿ.

ಅಕ್ಕನಿಗೆ ಹೆರಿಗೆ ನೋವು ಶುರುವಾಗಿತ್ತು. ಆಸ್ಪತ್ರೆ ಆಚೆ ದಡದಲ್ಲಿತ್ತು. ತುಂಬಿದ ಹೊಳೆಯಲ್ಲಿ ಎದುರು ಗಾಳಿಗೆ ಅಲೆಗಳು ಎದ್ದಿದ್ದವು. ಬಾಬು ಮಾಮಾ ನಡೆಸುತ್ತಿದ್ದ ಸಣ್ಣ ಮೋಟರ್ ದೋಣಿ ಪ್ರತಿ ಅಲೆಗೂ ಮೂತಿ ಎತ್ತಿ ದಪ್ಪನೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಅಕ್ಕ ಅವ್ವನ ಸೆರಗು ಕಚ್ಚಿ ನರಳುತ್ತಿದ್ದಳು.

"ಇನ್ನಷ್ಟು ಜೋರ ಬಿಡೋ ಬಾಬು!" ಅಪ್ಪ ಕೂಗಿದರು. ಮಿಲ್ಲಿನಲ್ಲಿ ಹತ್ತಾರು ಜನರಿಗೆ ಹುಕುಂ ಮಾಡಿ ರೂಢಿಯಾದವರು ಅವರು.

"ಜೋರ ಬಿಟ್ಟರ ಇನ್ನೂ ಬಡೀತೈತ್ರಿ. ಮೂತಿ ಮ್ಯಾಲ ಭಾರ ಬೇಕು, ನೀವು ಮುಂದ ಹೋಗಿ ಕುಂದರ್ರಿ, ಆ ಅಕ್ಕಿ ಚೀಲಾನೂ ಎಳಕೊಳ್ರಿ. ದೊಡ್ಡ ಮಗಳನ್ನ ಹಿಂದ ನನ್ನ ಹತ್ರ ಕುಂದರಸ್ರಿ," ಎಂದ ಮಾಮಾ.

ಅಪ್ಪ ಅಕ್ಕನನ್ನು ಹಿಂದೆ ಕೂರಿಸಿ, ಚೀಲ ಎಳೆದುಕೊಂಡು ಮುಂದೆ ಕೂತರು. ಮಾಮಾ ವೇಗ ಇಳಿಸಿ, ಅಲೆಗಳಿಗೆ ನೇರ ಗುದ್ದದೆ ದೋಣಿಯನ್ನು ಓರೆಯಾಗಿ ಹತ್ತಿಸಿದ. ಬಡಿತ ನಿಂತು ದೋಣಿ ಮೆಲ್ಲಗೆ ಏರಿ ಇಳಿಯತೊಡಗಿತು. ನೀರೆಲ್ಲ ಅಪ್ಪನ ಮುಖಕ್ಕೇ ಸಿಡಿಯುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

"ಈಗ ಹೆಂಗೈತವಾ?" ಎಂದು ತಿರುಗದೆಯೇ ಕೇಳಿದರು.

"ಆರಾಮೈತಿ ಅಪ್ಪಾ," ಎಂದಳು ಅಕ್ಕ. ಸೆರಗು ಬಿಟ್ಟಿದ್ದಳು.

ಸಂಜೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಪ್ಪ ಬಾಬು ಮಾಮಾನ ಎರಡೂ ಕೈ ಹಿಡಿದು ಅತ್ತೇಬಿಟ್ಟರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮನೆಗೆ ಬಂದವಳೇ ಆ ಮಗುವಿಗೆ ಫೋನ್ ಹಚ್ಚಿದೆ. ಎತ್ತಿದ್ದು ಅವಳ ಮೊಮ್ಮಗಳು.

"ಅಜ್ಜಿ ವಾಕಿಂಗ್ ಹೋಗ್ಯಾಳ," ಎಂದಿತು ಕೂಸು.