‘ಆಗಲ್ಲ’ ಎನ್ನುತ್ತಿದ್ದ ಕರಿಯಕ್ಕ

ಕರಿಯಕ್ಕ ಯಾವ ಮಾತಿಗೂ ಮೊದಲು ‘ಆಗಲ್ಲ’ ಎನ್ನುತ್ತಿದ್ದರು. ಕೇಳಿದ್ದೇನೆಂದು ಆಮೇಲೆ ವಿಚಾರಿಸುತ್ತಿದ್ದರು. ಟೀ ಕುಡಿಯೋಣವೇ ಅಂದರೂ ಆಗಲ್ಲ, ಊಟದ ಹೊತ್ತಾಯಿತು ಅಂದರೂ ಆಗಲ್ಲ. ಶಿರಾದ ನಮ್ಮ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರು ಅವರು, ಸ್ಕ್ಯಾನ್ ತೆಗೆಯುವವಳು ನಾನು. ಕರಿಯಕ್ಕ ಮದಲೂರು ಕಡೆಯ ಕುರಿ ಸಾಕುವ ಮನೆಯ ಹೆಣ್ಣುಮಗಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಯೂನಿಕ್ಸ್ ಕಮಾಂಡ್ ಟೈಪ್ ಮಾಡಲು ಕೂತರೆ ಯಾರೊಂದಿಗೋ ಜಗಳಕ್ಕೆ ಕೂತಂತೆ ಕಾಣುತ್ತಿತ್ತು. ಅವರ ಬಾಯಿಗೆ ಹೆದರಿ ಕೆಲಸ ಬಿಟ್ಟವರಿದ್ದಾರೆ. ನಾನು ಬಿಡಲಿಲ್ಲ. ಬೈಯುತ್ತಲೇ ಕಲಿಸುತ್ತಿದ್ದರು.

ನಮ್ಮ ಸರ್ವರ್‌ನಲ್ಲಿ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಇರುತ್ತಿತ್ತು. ಅದಕ್ಕೆ ಮಿರರ್ ಎನ್ನುತ್ತೇವೆ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ನಾನು ಸೇರಿದ ಹೊಸತರಲ್ಲಿ ಜಾಗ ಸಾಲದೆ ಕರಿಯಕ್ಕ ಅದನ್ನು ದೊಡ್ಡದು ಮಾಡಿದರು. ಒಂದು ಹಳೆಯ ಡಿಸ್ಕ್ ತೆಗೆದು ದೊಡ್ಡದನ್ನು ಹಾಕಿ, ಉಳಿದ ಹಳೆಯದರಿಂದ ಎಲ್ಲವೂ ಅದಕ್ಕೆ ಇಳಿಯುವವರೆಗೆ ಕಾದರು. ಎರಡನೆಯದನ್ನೂ ಹಾಗೆಯೇ ಬದಲಿಸಿ, ಕೊನೆಗೆ ಹೊಸ ಜಾಗವೂ ಬಳಕೆಗೆ ಬರುವಂತೆ ಫೈಲ್ ಸಿಸ್ಟಂ ಹಿಗ್ಗಿಸಿದರು. ಅಷ್ಟು ಹೊತ್ತೂ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿಕೊಂಡು ಕೂತಿದ್ದರು, ಯಾರನ್ನೂ ಒಳಗೆ ಬಿಡಲಿಲ್ಲ.

ಇಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ. ಬೇರೆ ಕಟ್ಟಡದಲ್ಲೂ ಒಂದು ಪ್ರತಿ ಇರಬೇಕೆಂದು ಸೆಂಟರ್ ಮಾಲೀಕರಾದ ಡಾಕ್ಟರಿಗೆ ಹೇಳುತ್ತಲೇ ಇದ್ದರು. “ನಮ್ಮಪ್ಪ ಅರ್ಧ ಕುರೀನ ನಮ್ ಮಾವನ್ ರೊಪ್ಪದಾಗೆ ಬುಡ್ತಿದ್ದ ಸಾರ್. ರೋಗ ಬಂದ್ರೆ ಒಂದ್ ರೊಪ್ಪನಾದ್ರೂ ಉಳೀತದೆ ಅಂತ.” ಡಾಕ್ಟರು ನಕ್ಕು “ನೋಡೋಣ” ಎನ್ನುತ್ತಿದ್ದರು. ಕರಿಯಕ್ಕ ‘ಆಗಲ್ಲ’ ಅಂದ ಕೆಲಸ ಸಂಜೆಯೊಳಗೆ ಆಗಿರುತ್ತಿತ್ತು. ಡಾಕ್ಟರು ‘ನೋಡೋಣ’ ಅಂದದ್ದು ಒಂದೂ ಆಗಲಿಲ್ಲ.

ಹೊಸ ಸ್ಕ್ಯಾನ್ ಮೆಷಿನ್ ಬಂದ ಮೇಲೆ ಡಿಸ್ಕ್ ಮತ್ತೆ ತುಂಬುತ್ತಾ ಬಂತು. ಇನ್ನೂ ದೊಡ್ಡ ಡಿಸ್ಕ್ ಬೇಕು ಎಂದು ಕರಿಯಕ್ಕ ಡಾಕ್ಟರಿಗೆ ಹೇಳಿದರು. ನೋಡೋಣ. ಒಂದು ಬೆಳಿಗ್ಗೆ ಹೈವೇ ಅಪಘಾತದಲ್ಲಿ ತಲೆಗೆ ಪೆಟ್ಟಾದವನೊಬ್ಬನನ್ನು ತಂದರು. ಜಾಗವಿಲ್ಲದೆ ಸ್ಕ್ಯಾನ್ ಸೇವ್ ಆಗಲೊಲ್ಲದು. ಡಾಕ್ಟರು ದಡದಡನೆ ಬಂದರು.

“ಎರಡರಲ್ಲೂ ಇರೋದು ಒಂದೇ ಅಲ್ವಾ? ಒಂದು ದಂಡ. ಮಿರರ್ ತೆಗೆದು ಎರಡನ್ನೂ ಸೇರಿಸಿಬಿಡಿ, ಜಾಗ ಡಬಲ್ ಆಗುತ್ತೆ.”

“ಆಗಲ್ಲ ಸಾರ್. ಸೇರ್ಸಿದ್ರೆ ಯಾವ್ದೊಂದ್ ಕೆಟ್ರೂ ಎಲ್ಲಾ ಹೋದಂಗೇ.”

“ಹಾಗಾದ್ರೆ ಹೊರಗೆ ಮಲಗಿದಾನಲ್ಲ, ಅವನಿಗೆ ಹೋಗಿ ಹೇಳಿ, ಆಗಲ್ಲ ಅಂತ.”

ಕರಿಯಕ್ಕ ಬಾಗಿಲಿನಿಂದ ಸ್ಟ್ರೆಚರ್ ನೋಡಿದರು. “ದೊಡ್ಡ ಡಿಸ್ಕ್ ಬರೋಗಂಟ ಮಾತ್ರ” ಎಂದು ಹೇಳಿ ಮಿರರ್ ತೆಗೆಯಲು ಕೂತರು. ಆ ಮನುಷ್ಯ ಬದುಕಿದ. ದೊಡ್ಡ ಡಿಸ್ಕ್ ಬರಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಡಿಸ್ಕ್ ಸುಟ್ಟಿತು, ಹಳೆಯ ಸ್ಕ್ಯಾನ್‌ಗಳೆಲ್ಲ ಹೋದವು. ಡಾಕ್ಟರು ನಮ್ಮನ್ನೆಲ್ಲ ಕರೆದು, ಯಾರು ಕೇಳಿದರೂ ‘ಸರ್ವರ್ ರಿಪೇರಿಯಲ್ಲಿದೆ, ಮುಂದಿನ ವಾರ ಬನ್ನಿ’ ಎನ್ನಬೇಕೆಂದು ಅಪ್ಪಣೆ ಮಾಡಿದರು. ಇಂಥ ಬುದ್ಧಿ ಮಾತ್ರ ಅವರಿಗೆ ಬೇಗ ಓಡುತ್ತಿತ್ತು. ಪಾವಗಡದ ಒಬ್ಬ ತಾಯಿ ತನ್ನ ಮಗುವಿನ ಹಳೆಯ ಸ್ಕ್ಯಾನ್‌ಗಾಗಿ ವಾರ ವಾರವೂ ಬಂದಳು. ಮಗುವಿನ ತಲೆಯಲ್ಲಿ ಗೆಡ್ಡೆ ಇತ್ತು. ಅದು ಬೆಳೆದಿದೆಯೋ ಕರಗಿದೆಯೋ ಹೇಳಲು ದೊಡ್ಡಾಸ್ಪತ್ರೆಯವರು ಮೊದಲಿನದನ್ನು ಕೇಳಿದ್ದರು.

“ಇಂಕಾ ರಾಲೇದಾ ಅಮ್ಮಾ? ಇನ್ನೂ ಬರ್ಲಿಲ್ವಾ? ಮಗೀನ್ ಎತ್ಕೊಂಡು ಎರಡ್ ಬಸ್ ಹತ್ಬೇಕು ನಾನು.”

ಕರಿಯಕ್ಕ ಒಳಗಿನಿಂದ ಎದ್ದು ಬಂದರು. ಬೆಂಚುಗಳ ತುಂಬ ಜನ ಕೂತಿದ್ದರು. “ಅದು ಬರಾಕಿಲ್ಲ ಕಣಮ್ಮ, ಸುಟ್ಟೋಗೈತೆ. ನಿನ್ನ ಸುಮ್ಕೆ ತಿರುಗಿಸ್ತಾವ್ರೆ. ಇವತ್ತು ಹೊಸದು ತೆಗೆಸ್ಕೊಂಡ್ ಹೋಗು. ಇನ್ನು ಇಲ್ಲಿಗೆ ಬರ್ಬೇಡ.”

ಹೊಸದು ನಾನೇ ತೆಗೆದೆ. ಆದರೆ ಗೆಡ್ಡೆ ಹಿಂದೆ ಎಷ್ಟಿತ್ತು ಎಂಬುದನ್ನು ಹೊಸದು ಹೇಳುವುದಿಲ್ಲ. ಅಂದು ಸಂಜೆಯೇ ಡಾಕ್ಟರು ಕರಿಯಕ್ಕನಿಗೆ ನಾಳೆಯಿಂದ ಬರಬೇಡಿ ಎಂದರು. ಡಿಸ್ಕ್ ಸುಟ್ಟಾಗ ತೆಗೆಯದವರು ನಿಜ ಹೇಳಿದ್ದಕ್ಕೆ ತೆಗೆದರು. ಆ ಡಾಕ್ಟರ ಮುಖ ನೋಡಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಕೊನೆಯ ಸಲ ಕರಿಯಕ್ಕ ಸಿಕ್ಕಿದ್ದು ಮಧುಗಿರಿ ಬಸ್ ನಿಲ್ದಾಣದಲ್ಲಿ. ಸೊರಗಿದ್ದರು. ನಾನು ತಡೆಯಲಾರದೆ ಹೇಳಿದೆ: “ಅಕ್ಕಾ, ‘ಹಳೇ ಮೇಡಂ ಎಲ್ಲಾ ಅಳಿಸಿಬಿಟ್ರು’ ಅಂತ ಡಾಕ್ಟ್ರು ನಿಮ್ ಮೇಲೇ ಹೇಳ್ತಾವ್ರೆ ಈಗ. ನೀವು ಸುಮ್ನಿದೀರಲ್ಲ!”

“ಇನ್ನೇನ್ ಮಾಡ್ಲಿ? ಅವ್ರು ಬಾಯಾಗೆ ಹೇಳಿದ್ರು, ಅದು ಗಾಳೀಲಿ ಹೋಯ್ತು. ಕಮಾಂಡ್ ಕೊಟ್ಟಿದ್ದು ನಾನು. ಮಿಷಿನ್‌ನಾಗೆ ಇರೋದು ನನ್ ಹೆಸ್ರೇ.” ಆಮೇಲೆ ತಾವೇ ಕೇಳಿದರು: “ಆ ಪಾವಗಡದ ಮಗು ಹೆಂಗೈತೆ?”

“ಗೊತ್ತಿಲ್ಲಕ್ಕಾ. ಆಮೇಲೆ ಅವಳು ಬರ್ಲೇ ಇಲ್ಲ.”

“ಬರ್ಬೇಡ ಅಂದೋಳು ನಾನೇ ಅಲ್ವೇನೇ,” ಎಂದರು. ಕೊರಟಗೆರೆ ಬಸ್ಸು ಬಂದು ನಿಂತಿತ್ತು. ನನ್ನ ಕಡೆ ತಿರುಗಿ ನೋಡದೆ ಹತ್ತಿಬಿಟ್ಟರು.