ಆರು ಮುಖಗಳ ಹಲಗೆ

ನಮ್ಮ ಮನೆಯವರು ಮಕ್ಕಳ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷ ಸ್ಟ್ರೆಚರ್ ತಳ್ಳಿದರು. ಕೆಲಸದ ಹೆಸರು ವಾರ್ಡ್ ಬಾಯ್. ಐವತ್ತು ದಾಟಿದರೂ ಬಾಯ್. "ನನಗೆ ವಯಸ್ಸೇ ಆಗಲ್ಲ ನೋಡು" ಎಂದು ನಗುತ್ತಿದ್ದರು. ಮಕ್ಕಳು ಗಾಲಿ ಮಾಮ ಎಂದು ಕರೆಯುತ್ತಿದ್ದವು. ನಮಗೆ ಮಕ್ಕಳಿರಲಿಲ್ಲ.

ಅವರಿದ್ದದ್ದು ವಾಸಿಯಾಗದ ಮಕ್ಕಳ ವಾರ್ಡಿನಲ್ಲಿ. ನೋವಿನ ಔಷಧಿ ಎಂದೂ ಎಲ್ಲರಿಗೂ ಸಾಲುತ್ತಿರಲಿಲ್ಲ. ಅದಕ್ಕೆ ಒಂದು ಹಲಗೆ ಇತ್ತು. ಅದರ ಮೇಲೆ ಆರು ಮುಖ. ಮೊದಲನೆಯದು ನಗುವ ಮುಖ, ಕೊನೆಯದು ಅಳುವ ಮುಖ. ದಿನಾ ಬೆಳಿಗ್ಗೆ ಇವರು ಹಲಗೆ ಹಿಡಿದು ಮಂಚದಿಂದ ಮಂಚಕ್ಕೆ ಹೋಗುವರು. ಮಗು ತನ್ನ ನೋವು ಎಷ್ಟೆಂದು ಒಂದು ಮುಖದ ಮೇಲೆ ಬೆರಳಿಡಬೇಕು. ನರ್ಸಮ್ಮ ಬರೆದುಕೊಳ್ಳುವರು. ಅಳುವ ಮುಖಕ್ಕೆ ಔಷಧಿ ಮೊದಲು. ನಗುವ ಮುಖಕ್ಕೆ ಇಲ್ಲ. ನ್ಯಾಯವಾಗಿಯೇ ಕಾಣುತ್ತಿತ್ತು. ಆದರೆ ಜೋರುಬಾಯಿಯ ಅಪ್ಪ ಅಮ್ಮಂದಿರು ಮಗುವಿನ ಬೆರಳು ಹಿಡಿದು ಕೊನೆಯ ಮುಖಕ್ಕೆ ಎಳೆಯುತ್ತಿದ್ದರಂತೆ.

ಮೂಲೆಯ ಮಂಚಕ್ಕೆ ಏಳು ವರ್ಷದ ಹುಡುಗಿ ಬಂದಳು. ಜೊತೆಗೆ ಅಜ್ಜಿ ಮಾತ್ರ. ಮನೆಗೆಲಸದ ಮುದುಕಿ. ಡಾಕ್ಟರ್ ಬಂದರೆ ಎದ್ದು ಗೋಡೆಗೆ ಅಂಟಿಕೊಳ್ಳುವಳು. ಹುಡುಗಿ ಮೊದಲ ದಿನ ಹೆದರಿ ಮುಷ್ಟಿ ಬಿಚ್ಚಲಿಲ್ಲ. ನಗಿಸಲು ಇವರು ಅಂದರಂತೆ, "ಪುಟ್ಟಿ, ನಗೋ ಮುಖ ತೋರಿಸಿದ್ರೆ ಮಾಮನ ಗಾಡೀಲಿ ಒಂದು ರೌಂಡ್!"

ತೋರಿಸಿದಳು. ಕಿಟಕಿಯವರೆಗೆ ತಳ್ಳಿಕೊಂಡು ಹೋಗಿ ಬಂದರು. ಮಾರನೆಯ ದಿನವೂ ನಗುವ ಮುಖ. ಹೀಗೆ ಹನ್ನೊಂದು ದಿನ.

"ಗಟ್ಟಿಗಿತ್ತಿ ಕಣೇ ಅವಳು. ನೋವೇ ಇಲ್ಲ" ಎಂದು ಮನೆಯಲ್ಲಿ ಹೇಳಿದರು.

"ನೋವಿಲ್ದೆ ಆ ವಾರ್ಡಿಗೆ ಯಾಕ್ರೀ ಬರ್ತಾಳೆ?"

"ಓಹೋ, ಡಾಕ್ಟರಮ್ಮ ಆಗ್ಬಿಟ್ಯಾ?" ಎಂದು ತಟ್ಟೆ ಎಳೆದುಕೊಂಡರು. ನಾನು ಅನ್ನ ಬಡಿಸಿದೆ.

ಹನ್ನೆರಡನೆಯ ದಿನ ಮಂಚ ಖಾಲಿ. ಅಜ್ಜಿ ಬಟ್ಟೆಯ ಗಂಟು ಕಟ್ಟುತ್ತಾ ಅಂದಳಂತೆ, "ರಾತ್ರಿಯೆಲ್ಲ ದಿಂಬು ಕಚ್ಕೊಂಡಿರ್ತಿತ್ತಪ್ಪ ಕೂಸು. ನರ್ಸಮ್ಮಂಗೆ ಹೇಳ್ಲಾ ಅಂದ್ರೆ, ಬೇಡಜ್ಜಿ, ಮಾಮ ಗಾಡಿ ತರಲ್ಲ ಅನ್ನೋದು."

ಆಕೆ ಬೈಯಲಿಲ್ಲ. ಕೈ ಮುಗಿದು ಹೋದಳು. ಬೈದಿದ್ದರೆ ಇವರ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತೇನೋ.

ಆಮೇಲೆ ಹಲಗೆ ಹಿಡಿಯುವ ಮೊದಲು ದಿಂಬು ನೋಡುತ್ತಿದ್ದರು. ಹಲ್ಲಿನ ಗುರುತಿದ್ದರೆ ನರ್ಸಮ್ಮನಿಗೆ ತೋರಿಸುವರು. ಮನೆಯಲ್ಲಿ ಉಣ್ಣುತ್ತಾ ತುತ್ತು ನಿಲ್ಲಿಸಿ ಕೇಳುವರು, "ಗಾಲಿ ಸದ್ದು ಕೇಳಿಸ್ತಾ?" ಆ ಸ್ಟ್ರೆಚರಿನ ಒಂದು ಗಾಲಿ ಕಿರ್ ಅನ್ನುತ್ತಿತ್ತಂತೆ. ನಮ್ಮ ಮನೆ ಮೂರನೆಯ ಮಹಡಿ, ಗಾಲಿ ಬರುವ ಜಾಗವಲ್ಲ.

"ಇಲ್ಲ, ಊಟ ಮಾಡಿ" ಎನ್ನುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಅವರಿಗೇ ಮೂಳೆಯ ಕ್ಯಾನ್ಸರ್ ಬಂತು. ದೊಡ್ಡವರ ಆಸ್ಪತ್ರೆ. ಅಲ್ಲೂ ಅದೇ ಹಲಗೆ. ಅಲ್ಲೂ ಔಷಧಿ ಕಡಿಮೆ. ನರ್ಸ್ ಹಲಗೆ ಹಿಡಿದಳು. ಇವರು ನಗುವ ಮುಖದ ಮೇಲೆ ಬೆರಳಿಟ್ಟರು. ಮಾರನೆಯ ದಿನವೂ. ನಾನು ದಿಂಬು ತಿರುಗಿಸಿ ನೋಡಿದೆ. ಹಲ್ಲಿನ ಗುರುತು.

"ಯಾರ ಮೇಲ್ರೀ ಈ ಹಠ?"

"ಹನ್ನೊಂದು ದಿನ. ಹನ್ನೊಂದೇ ದಿನ ಕಣೇ. ಆಮೇಲೆ ಔಷಧಿ ಕೇಳ್ತೀನಿ."

ಐದನೆಯ ದಿನ ನನ್ನಿಂದ ನೋಡಲಾಗಲಿಲ್ಲ. ಹಲಗೆ ಬಂದಾಗ ಅವರ ಬೆರಳು ಹಿಡಿದು ಎಳೆದು ಅಳುವ ಮುಖದ ಮೇಲಿಟ್ಟೆ. ಬಿಡಿಸಿಕೊಳ್ಳಲು ನೋಡಿದರು. ಶಕ್ತಿಯಿರಲಿಲ್ಲ. ನರ್ಸ್ ಬರೆದುಕೊಂಡಳು.

"ಆ ಪುಟ್ಟಿಯ ಬೆರಳು ಎಳೆಯೋರು ಯಾರೂ ಇರ್ಲಿಲ್ಲ" ಎಂದರು.

ಔಷಧಿ ಕೊಟ್ಟರು. ಮುಖದ ಗಂಟು ಬಿಚ್ಚಿತು. ಎರಡು ದಿನ ನಿದ್ದೆ ಮಾಡಿದರು. ನಿದ್ದೆಯಲ್ಲೇ ಹೋದರು.

ನಾನು ಮಾಡಿದ್ದು ಸರಿ. ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಬೆರಳು ಎಳೆದ ಆ ದಿನದ ಔಷಧಿ ಇವರಿಗೆ ಕೊಟ್ಟಲ್ಲಿಗೆ ಮುಗಿದಿತ್ತು. ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ನಗುವ ಮುಖದ ಮೇಲೆ ಬೆರಳಿಟ್ಟಿದ್ದಳು. ಅವಳ ದಿಂಬು ನಾನು ತಿರುಗಿಸಿ ನೋಡಲಿಲ್ಲ.

ಈಗ ಊಟಕ್ಕೆ ಕೂತರೆ ಗಾಲಿಯ ಸದ್ದು ನನಗೆ ಕೇಳುತ್ತದೆ.